ಅಂಕ ನೀಡುವವನ ಅಳತೆಗೋಲು

ಚಿನ್ನ ತೂಗುವ ತಕ್ಕಡಿಗೆ ಪಕ್ಷಪಾತವಿಲ್ಲ. ಆದರೆ ವಿದ್ಯಾರ್ಥಿಯ ಮಾತನ್ನೂ ಬರಹವನ್ನೂ ತೂಗುವ ತಕ್ಕಡಿ ಮತ್ತೊಬ್ಬ ಮನುಷ್ಯನ ಮನಸ್ಸೇ ಆಗಿದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ವಿಶ್ವವಿದ್ಯಾಲಯದ ಅಧ್ಯಾಪಕರು ಅಂಕ ನೀಡುವಾಗ ಈ ಸತ್ಯವನ್ನು ಮರೆಯುವಂತಿಲ್ಲ.

ಅಮೆರಿಕದಲ್ಲಿ 1961ರಲ್ಲಿ ಪಾಲ್ ಡೀಡರಿಕ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಮಂದಿಗೆ ಓದಲು ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸುವಂತೆ ಕೇಳಿದರು. ಐದಕ್ಕಿಂತ ಕಡಿಮೆ ಭಿನ್ನ ದರ್ಜೆಗಳನ್ನು ಪಡೆದ ಪ್ರಬಂಧ ಒಂದೂ ಇರಲಿಲ್ಲ! ಓದಿದವರು ಅಪ್ರಾಮಾಣಿಕರೆಂದಲ್ಲ, ಕೆಲವರು ವಿಚಾರಕ್ಕೆ, ಕೆಲವರು ವ್ಯಾಕರಣಕ್ಕೆ, ಇನ್ನು ಕೆಲವರು ಪದಪ್ರಯೋಗಕ್ಕೆ ಬೆಲೆ ಕಟ್ಟಿದ್ದರು.

ಆದುದರಿಂದ ಅಳೆಯುವ ಮೊದಲು ಏನನ್ನು ಅಳೆಯುತ್ತೇವೆಂಬುದು ಸ್ಪಷ್ಟವಾಗಬೇಕು. 1981ರಲ್ಲಿ ಹಾಲಿ ಜೇಕಬ್ಸ್ ಮತ್ತು ಸಹೋದ್ಯೋಗಿಗಳು ಇಂಗ್ಲಿಷ್ ಕಲಿಯುವವರ ಬರಹಕ್ಕಾಗಿಯೇ ರೂಪಿಸಿದ ಮಾನದಂಡವು ನೂರು ಅಂಕಗಳನ್ನು ಹೀಗೆ ಹಂಚಿತು: ವಿಷಯಕ್ಕೆ 30, ಜೋಡಣೆಗೆ 20, ಶಬ್ದಸಂಪತ್ತಿಗೆ 20, ಭಾಷಾಬಳಕೆಗೆ 25, ಕಾಗುಣಿತ ಮತ್ತು ವಿರಾಮಚಿಹ್ನೆಗಳಿಗೆ ಕೇವಲ 5. ಕಾಗುಣಿತ ತಪ್ಪಿದವನು ವಿಚಾರಶೂನ್ಯನಲ್ಲ ಎಂಬ ವಿವೇಕ ಈ ಹಂಚಿಕೆಯಲ್ಲಿದೆ.

ಮಾತಿನ ಪರೀಕ್ಷೆ ಇನ್ನೂ ಕಠಿಣ. ಬರಹವನ್ನು ಮತ್ತೊಮ್ಮೆ ಓದಬಹುದು; ಮಾತು ಗಾಳಿಯಲ್ಲಿ ಲೀನವಾಗುತ್ತದೆ. ಆದಕಾರಣವೇ ವಿದೇಶಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಬಳಕೆಯಲ್ಲಿರುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 11ರಿಂದ 14 ನಿಮಿಷಗಳ ಸಂಭಾಷಣೆಯನ್ನು ಧ್ವನಿಮುದ್ರಿಸಲಾಗುತ್ತದೆ. ನಿರರ್ಗಳತೆ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ ಈ ನಾಲ್ಕಕ್ಕೂ ಸಮಾನ ಬೆಲೆಯಿದೆ. ಉಚ್ಚಾರಣೆ ಎಂದರೆ ಆಂಗ್ಲರ ಅನುಕರಣೆಯಲ್ಲ. ಆಡಿದ್ದು ಕೇಳುಗನಿಗೆ ಅರ್ಥವಾಗಬೇಕು, ಅಷ್ಟೆ.

ನಮ್ಮ ನಾಡಿನಲ್ಲಿ ಕನ್ನಡ ಮಾಧ್ಯಮದಿಂದ ಬಂದವಳೊಬ್ಬಳು ‘ಎಂಟ್ರನ್ಸ್’ ಎಂಬುದನ್ನು ‘ಯೆಂಟ್ರನ್ಸ್’ ಎಂದರೆ ಸಾಕು, ತರಗತಿ ನಗುತ್ತದೆ. ಆ ನಗುವಿನಲ್ಲಿ ಅಧ್ಯಾಪಕರೂ ಸೇರಿದರೆ ಆಕೆ ಮತ್ತೆ ಬಾಯಿ ತೆರೆಯಲಾರಳು. ಮಾತನಾಡದವಳಿಗೆ ಮಾತು ಬರುವುದಾದರೂ ಹೇಗೆ?

ಹಾಗೆಂದು ಕನಿಕರದಿಂದ ಅಂಕ ನೀಡುವುದು ನ್ಯಾಯವಲ್ಲ. ಸುಳ್ಳು ಅಂಕ ಮುಂದೆ ಅವಳನ್ನೇ ವಂಚಿಸುತ್ತದೆ. ಅರಿಸ್ಟಾಟಲನು ನೀತಿಶಾಸ್ತ್ರದಲ್ಲಿ ಲೆಸ್ಬಾಸ್ ದ್ವೀಪದ ಶಿಲ್ಪಿಗಳ ಸೀಸದ ಅಳತೆಗೋಲನ್ನು ಸ್ಮರಿಸುತ್ತಾನೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತದೆ. ಆದರೂ ಅಳತೆಗೋಲಾಗಿಯೇ ಉಳಿಯುತ್ತದೆ. ಅಧ್ಯಾಪಕನ ವಿವೇಕವೂ ಹಾಗಿರಲಿ. ತಪ್ಪನ್ನು ತಪ್ಪೆಂದೇ ಗುರುತಿಸಲಿ; ಆದರೆ ನಾಲಗೆಯ ತಪ್ಪನ್ನು ಬುದ್ಧಿಯ ಲೆಕ್ಕಕ್ಕೆ ಬರೆಯದಿರಲಿ. ಅಂಕದ ಜೊತೆಗೆ, ಎಲ್ಲಿ ಎಡವಿದೆ, ಹೇಗೆ ಏಳಬೇಕು ಎಂದು ತಿಳಿಸುವ ಎರಡು ಸಾಲುಗಳನ್ನೂ ಬರೆಯಲಿ. ಅಂಕಪಟ್ಟಿ ಹಳತಾದ ಮೇಲೂ ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುವುದು ಆ ಎರಡು ಸಾಲುಗಳೇ.