ತೆಂಗಳಿ ಸುತ್ತ ಒಂದು ದಿನ, ಒಂದು ಕ್ಯಾಮೆರಾ

ಒಂದೇ ದಿನದಲ್ಲಿ ಎಷ್ಟು ಬಗೆಯ ಫೋಟೊ ಸಿಗಬಹುದು? ಕಲಬುರಗಿ ಜಿಲ್ಲೆಯ ತೆಂಗಳಿ ಸೀಮೆಯ ತೊಗರಿ ಹೊಲದಿಂದಲೇ ಶುರು ಮಾಡಿ. ಹೂ ಬಿಟ್ಟ ಕಾಲವಾದರೆ ಹತ್ತಿರ ಹೋಗಿ ನೋಡಿ: ಹಳದಿ ಎಸಳಿನ ಬೆನ್ನಿಗೆ ಕೆಂಪು ಗೀರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ.

ಬಿಸಿಲೇರುವ ಮುನ್ನ ಶಹಾಬಾದ್ ಕಡೆಯ ಕಲ್ಲುಗಣಿ ಸೇರಿ. ಸುಣ್ಣದ ಕಲ್ಲು ಇಲ್ಲಿ ಪದರ ಪದರವಾಗಿ ಕೂತಿದೆ. ಸಂದಿಗೆ ಹಾರೆ ಹಾಕಿ ಮೀಟಿದರೆ ಚಪ್ಪಡಿ ಏಳುತ್ತದೆ. ಮನೆಯ ನೆಲಕ್ಕೂ ಅದೇ, ಮಾಳಿಗೆಗೂ ಅದೇ. ಅಲ್ಲಿಂದ ಮುಂದೆ ವಾಡಿ ಜಂಕ್ಷನ್ನಿನ ರೈಲು ಹಳಿ, ಸಿಮೆಂಟ್ ಕಾರ್ಖಾನೆಯ ಚಿಮಣಿ. ಆ ಸಿಮೆಂಟಿಗೂ ಸುಣ್ಣದ ಕಲ್ಲೇ ಮೂಲ.

ಮಧ್ಯಾಹ್ನ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಈ ಊರೇ ಅಮೋಘವರ್ಷ ನೃಪತುಂಗ ಆಳಿದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದು. ಇಂಥ ಊರಿಗೆ ನಾವು ಕೊಡುತ್ತಿರುವ ಗಮನ ಏನೇನೂ ಸಾಲದು. ಇಲ್ಲಿನ ಕೋಟೆಯಲ್ಲಿ ಅವಸರ ಬೇಡ.

ಸಂಜೆ ಚಿಂಚೋಳಿಯ ಕಾಡು, ಚಂದ್ರಂಪಳ್ಳಿ ಜಲಾಶಯ. ಬಿಸಿಲುನಾಡೆಂದರೆ ಬರೀ ಬಯಲು ಅಂದುಕೊಂಡವರು ಇದನ್ನು ನೋಡಲೇಬೇಕು.

ಒಂದು ಕೋರಿಕೆ: ಗಣಿಯಲ್ಲಿ ದುಡಿಯುವವರ ಫೋಟೊ ತೆಗೆಯುವ ಮುನ್ನ ಅವರನ್ನೊಂದು ಮಾತು ಕೇಳಿ, ತೆಗೆದ ಮೇಲೆ ಅವರಿಗೂ ಕಳಿಸಿ.