ಹಳದಿ ಕಲ್ಲಿನ ರಸ್ತೆ ಯಾರ ಹೊಣೆ?

ರಸ್ತೆಯಲ್ಲಿ ತಗ್ಗು ಬಿದ್ದರೆ ನಮ್ಮ ಕಡೆಯ ಜನ ಮೊದಲು ಹೋಗುವುದು ಪಂಚಾಯಿತಿಗೆ, ಆಮೇಲೆ ತಹಶೀಲ್ದಾರ್ ಕಚೇರಿಗೆ. ಎರಡೂ ಕಡೆ ‘ಅದು ನಮಗೆ ಬರೋದಿಲ್ರಿ’ ಎಂಬ ಉತ್ತರ ಸಿಗುತ್ತದೆ. ಉತ್ತರ ಹಲವು ಸಲ ನಿಜವೇ ಆಗಿರುತ್ತದೆ. ಹಾಗಾದರೆ ಯಾರಿಗೆ ಬರುತ್ತದೆ ಎಂದು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ.

ಅದನ್ನು ತಿಳಿಯಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಬೇಕು. ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ದರೆ ಹಳ್ಳಿಯ ರಸ್ತೆ. ದಿಲ್ಲಿಯ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ನೇರವಾಗಿ ಹೊಣೆ ಹೊರುವುದು ಹಳದಿ ಕಲ್ಲಿನ ರಸ್ತೆಗೆ. ಹಸಿರು ಕಲ್ಲಿನದಕ್ಕೆ ರಾಜ್ಯದ ಲೋಕೋಪಯೋಗಿ ಇಲಾಖೆಯೇ ಗತಿ.

ಹಾವೇರಿ ಜಿಲ್ಲೆಯಲ್ಲಿ ಹಳದಿ ಕಲ್ಲಿನ ದೊಡ್ಡ ರಸ್ತೆ ಎಂದರೆ ಶಿಗ್ಗಾವಿ, ಬಂಕಾಪುರ, ಹಾವೇರಿ, ರಾಣೆಬೆನ್ನೂರು ಮೂಲಕ ಹಾಯುವ ಹೆದ್ದಾರಿ 48. ಹಳಬರಿಗೆ ಅದು ಇಂದಿಗೂ ಎನ್‌ಎಚ್ 4. 2010ರಲ್ಲಿ ಸಂಖ್ಯೆ ಬದಲಾಯಿತು. ಮುಂಬೈ–ಚೆನ್ನೈ ನಡುವಿನ ಸುವರ್ಣ ಚತುಷ್ಪಥದ ಭಾಗವಿದು. ಕುಮಟಾದಿಂದ ಶಿರಸಿ ಮೇಲೆ ಹಾವೇರಿಗೆ ಬರುವ 766ಇ ಹಾನಗಲ್ ತಾಲೂಕನ್ನು ಹಾದು ಬರುತ್ತದೆ. ಬೈಂದೂರು–ರಾಣೆಬೆನ್ನೂರು ನಡುವಿನ 766ಸಿ ಹಳೆಯ ಹಿರೇಕೆರೂರು ತಾಲೂಕಿನ ಮಾಸೂರನ್ನು ಮುಟ್ಟುತ್ತದೆ. ಸವಣೂರಿನವರು ಬಂಕಾಪುರದ ಕಡೆಗೋ ಶಿಗ್ಗಾವಿಯ ಕಡೆಗೋ ಬಂದು 48ನ್ನು ಸೇರಬೇಕು.

ಹಳದಿ ಕಲ್ಲು ಕಂಡರೂ ಒಂದು ತೊಡಕು ಉಳಿಯುತ್ತದೆ. ಸಚಿವಾಲಯ ತಾನೇ ರಸ್ತೆ ಕಟ್ಟುವುದಿಲ್ಲ. 48ರಂಥ ಹೆದ್ದಾರಿಗಳನ್ನು 1988ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಇನ್ನು ಕೆಲವನ್ನು ಕೇಂದ್ರದ ಹಣದಲ್ಲಿ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ಮಾಡಿಸುತ್ತದೆ. ಅರ್ಜಿ ಬರೆಯುವ ಮೊದಲು ಇದನ್ನು ಕೇಳಿ ತಿಳಿದುಕೊಂಡರೆ ಅರ್ಜಿ ಊರೂರು ಅಲೆಯುವುದು ತಪ್ಪುತ್ತದೆ. ತುರ್ತು ದೂರಿಗೆ 1033 ಇದೆ. ಅಪಘಾತ, ಕೆಟ್ಟು ನಿಂತ ಲಾರಿ, ಅಡ್ಡ ಬಿದ್ದ ದನ, ಎಲ್ಲಕ್ಕೂ ಇದೇ ಸಂಖ್ಯೆ. ಕರೆ ಮಾಡುವಾಗ ‘ಬಂಕಾಪುರ ದಾಟಿ ಸ್ವಲ್ಪ ಮುಂದೆ’ ಎಂದರೆ ಸಾಲದು. ಕಲ್ಲಿನ ಮೇಲಿನ ಕಿಲೋಮೀಟರ್ ಸಂಖ್ಯೆ ಹೇಳಿ, ಹುಬ್ಬಳ್ಳಿಗೆ ಹೋಗುವ ಬದಿಯೋ ಹಾವೇರಿಗೆ ಬರುವ ಬದಿಯೋ ಎಂಬುದನ್ನೂ ಹೇಳಿ.

ಬಸ್ಸು, ಲೈಸೆನ್ಸ್ ವಿಷಯದಲ್ಲಿ ದಿಲ್ಲಿಯ ಪಾತ್ರ ಕಾನೂನು ಮಾಡುವುದರಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆ, ವಾಹನ್ ಮತ್ತು ಸಾರಥಿ ಜಾಲತಾಣಗಳು ಕೇಂದ್ರದವು. ಕೆಎ 27 ಕೊಡುವ ಹಾವೇರಿಯ ಆರ್‌ಟಿಒ ರಾಜ್ಯದ್ದು. ಬಸ್ಸು ಬಾರದಿದ್ದರೆ ಕೇಳಬೇಕಾದದ್ದು ವಾಯವ್ಯ ಸಾರಿಗೆಯ ಡಿಪೋವನ್ನು.

ಟೋಲ್ ನಾಕಾದಲ್ಲಿ ಕೇಂದ್ರದ ನಿಯಮವೇ ನಡೆಯುತ್ತದೆ. ಬಂಕಾಪುರದ ನಾಕಾದಿಂದ 20 ಕಿಲೋಮೀಟರ್ ಒಳಗೆ ಮನೆಯಿದ್ದು, ಬಾಡಿಗೆಗಲ್ಲದ ಸ್ವಂತ ಕಾರು ಇದ್ದವರು ಸ್ಥಳೀಯ ಮಾಸಿಕ ಪಾಸು ಕೇಳಬಹುದು. 2025–26ಕ್ಕೆ ಅದರ ದರ 350 ರೂಪಾಯಿ. 24 ತಾಸಿನೊಳಗೆ ಮರಳಿ ಬಂದರೆ ಹೋಗಿಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಶುಲ್ಕ ಮಾತ್ರ. ಫಾಸ್ಟ್ಯಾಗ್ ಕೈಕೊಟ್ಟರೆ ನಗದಿಗೆ ಎರಡು ಪಟ್ಟು ಕೊಡಬೇಕು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಸಾಕು.

ರೈತರು ಹೆಚ್ಚು ಎಚ್ಚರದಿಂದಿರಬೇಕಾದದ್ದು ಭೂಸ್ವಾಧೀನದಲ್ಲಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಮೊದಲು 3ಎ ಅಧಿಸೂಚನೆ ರಾಜಪತ್ರದಲ್ಲಿ ಬರುತ್ತದೆ. ಅದರ ಸಾರ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಕನ್ನಡದ್ದೇ ಆಗಿರಬೇಕು. ಆಕ್ಷೇಪಣೆಗೆ ಇರುವುದು 21 ದಿನ. ಆ ದಿನಗಳು ಎಣಿಕೆಯಾಗುವುದು ರಾಜಪತ್ರದ ತಾರೀಖಿನಿಂದ. ಪೇಪರಿನಲ್ಲಿ ನಿಮ್ಮ ಸರ್ವೆ ನಂಬರು ಕಣ್ಣಿಗೆ ಬೀಳುವಷ್ಟರಲ್ಲಿ ಕೆಲವು ದಿನ ಕಳೆದಿರಬಹುದು. ಉತಾರ ಹಿಡಿದು ಅಂದೇ ಓಡಬೇಕು. ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ 3ಡಿ ಅಧಿಸೂಚನೆ ಹೊರಟ ಕ್ಷಣ ಭೂಮಿ ಕೇಂದ್ರ ಸರ್ಕಾರದ್ದಾಗುತ್ತದೆ. ಆಮೇಲೆ ಉಳಿಯುವುದು ಪರಿಹಾರದ ಮಾತು. 2015ರಿಂದ ಪರಿಹಾರ ನಿಗದಿಗೆ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕವೇ ಅನ್ವಯ. ಕಡಿಮೆಯಾಯಿತು ಎನಿಸಿದರೆ ಕೇಂದ್ರ ನೇಮಿಸಿದ ಮಧ್ಯಸ್ಥಿಕೆದಾರರ ಮುಂದೆ ಹೋಗಬಹುದು. ಗೋವಿನಜೋಳದ ಟ್ರ್ಯಾಕ್ಟರು ಹೊಲದಿಂದ ಊರಿಗೆ ದಾಟಲು ಅಂಡರ್‌ಪಾಸ್ ಬೇಕು ಎಂಬ ಬೇಡಿಕೆಯನ್ನೂ ಊರಿನವರೆಲ್ಲ ಸೇರಿ ಆಕ್ಷೇಪಣೆಯ ಹಂತದಲ್ಲೇ ಬರೆದು ಕೊಡಬೇಕು. ಡಾಂಬರು ಬಿದ್ದ ಮೇಲೆ ಧರಣಿ ಕೂತು ಅಂಡರ್‌ಪಾಸ್ ಪಡೆಯುವುದು ಬಹಳ ಕಷ್ಟ, ಅಷ್ಟರಲ್ಲಿ ಜೀವಗಳೂ ಹೋಗಿರುತ್ತವೆ.

ಅಪಘಾತದ ವಿಷಯಕ್ಕೆ ಬಂದರೆ ಕಲ್ಲಿನ ಬಣ್ಣ ಲೆಕ್ಕಕ್ಕಿಲ್ಲ. 2025ರ ಮೇ ತಿಂಗಳಲ್ಲಿ ಸಚಿವಾಲಯ ಹೊರಡಿಸಿದ ನಗದುರಹಿತ ಚಿಕಿತ್ಸೆಯ ಯೋಜನೆ ಎಲ್ಲ ರಸ್ತೆಗೂ ಅನ್ವಯಿಸುತ್ತದೆ. ವಾಹನ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ. ಹಳ್ಳಿಯ ರಸ್ತೆಯಲ್ಲಾದರೆ 112ಕ್ಕೆ ಕರೆ ಮಾಡಿ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರನ್ನು ಪೊಲೀಸರು ಹೆಸರು ಹೇಳಲು ಬಲವಂತ ಮಾಡುವಂತಿಲ್ಲ. ಕೇಸಿನಲ್ಲಿ ಸಿಕ್ಕಿಬೀಳುತ್ತೇವೆ ಎಂಬ ಅಂಜಿಕೆಯಿಂದ ಯಾರೂ ಗಾಡಿ ನಿಲ್ಲಿಸದೆ ಹೋಗಬಾರದು.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಪರಿಹಾರ ಸಿಗದು ಎಂದು ಎಷ್ಟೋ ಕುಟುಂಬಗಳು ಸುಮ್ಮನಾಗುತ್ತವೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಅರ್ಜಿ ಕೊಡಬೇಕಾದದ್ದು ಅಪಘಾತ ನಡೆದ ತಾಲೂಕಿನ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ. ಅವರು ಒಂದು ತಿಂಗಳೊಳಗೆ ವರದಿ ಕಳಿಸಬೇಕು. ಅದು ಬಂದ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿ ಮಂಜೂರು ಮಾಡಬೇಕು. ತಡವಾದರೆ ಈ ಗಡುವನ್ನೇ ಉಲ್ಲೇಖಿಸಿ ಜಿಲ್ಲಾಧಿಕಾರಿಗೆ ಇನ್ನೊಂದು ಅರ್ಜಿ ಬರೆಯಿರಿ.