ಅಟ್ಟದ ಮೇಲಿನ ಹಾಡುಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳ ಅಟ್ಟ ಹತ್ತಿದ್ರೆ ಅಡಿಕೆ ಮೂಟೆಗಳ ಹಿಂದೆ ಗ್ರಾಮಫೋನ್ ರೆಕಾರ್ಡುಗಳು ಸಿಗಬಹುದು. ಗುಜರಿಗೆ ಹಾಕೋ ಮುಂಚೆ ಒಂದ್ನಿಮಿಷ ನಿಲ್ಲಿ.

ಏಳು ಇಂಚಿನ ವಿನೈಲ್ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 45 ಸುತ್ತು ತಿರುಗುತ್ತೆ. ಬದಿಗೊಂದು ಹಾಡಿದ್ದರೆ ಸಿಂಗಲ್, ಎರಡಿದ್ದರೆ ಇಪಿ. ಲೆಕ್ಕ ಹಾಕಿ ನೋಡಿ: ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಗೀರು ಹಾದುಹೋಗುತ್ತೆ. ಒಳಗೆ ಬಂದಂತೆ ತ್ರಿಜ್ಯ ಕಡಿಮೆ, ವೇಗವೂ ಕಡಿಮೆ. ಅದಕ್ಕೇ ಕೊನೆಯಲ್ಲಿ ದನಿ ಒಡೆದಂತೆ ಕೇಳಿಸೋದು.

ಲೇಬಲ್ ಓದಿದ್ರೆ ಕಥೆ ಶುರು. 1965ರ ‘ಮಿಸ್ ಲೀಲಾವತಿ’ ಚಿತ್ರದ ದೋಣಿ ಹಾಡು ನಮ್ಮ ಕುಪ್ಪಳಿಯ ಕುವೆಂಪು ಅವರದು. ‘ಗೆಜ್ಜೆಪೂಜೆ’ಯ ಕಾದಂಬರಿ ಬರೆದವರು ತೀರ್ಥಹಳ್ಳಿಯ ಎಂ.ಕೆ. ಇಂದಿರಾ. ಲೇಬಲ್ಲಿನಲ್ಲಿ ಇಲ್ಲದ ಕಥೆಗಳೂ ಇವೆ. ಲಿಂಗನಮಕ್ಕಿ ಮುಳುಗಡೆಯಲ್ಲಿ ಊರು ಬಿಟ್ಟವರ ಮನೆಯ ತಟ್ಟೆಯಾದರೆ, ಅದು ಮೊದಲು ಹಾಡಿದ ಜಗುಲಿ ಇವತ್ತು ನೀರಿನಡಿ ಇರಬಹುದು.

ಒಂದು ಎಚ್ಚರಿಕೆ. ನಮ್ಮಲ್ಲೊಬ್ಬ ಅಜ್ಜನ 78 ಸುತ್ತಿನ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಿದ. ಅದು ವಿನೈಲ್ ಅಲ್ಲ, ಅರಗು. ಸ್ಪಿರಿಟ್ಟಿಗೆ ಅರಗು ಕರಗುತ್ತೆ. ಗೀರು ಹೋಯ್ತು, ಹಾಡೂ ಹೋಯ್ತು. ಮೆತ್ತನೆ ಬಟ್ಟೆಯಲ್ಲಿ ಧೂಳು ತೆಗೆದಿದ್ದರೆ ಸಾಕಿತ್ತು. ಮಲೆನಾಡಿನ ಮಳೆಗಾಲಕ್ಕೆ ಬೂಷ್ಟು ಹಿಡಿಯದಂತೆ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಹಾಡುಗಳು ಯೂಟ್ಯೂಬಲ್ಲೂ ಸಿಕ್ಕಾವು. ಆದ್ರೆ ಆ ತಟ್ಟೆ ಯಾರು ತಂದ್ರು, ಯಾವ ಮದುವೆಗೆ ಹಾಕಿದ್ರು ಅನ್ನೋದು ಅಜ್ಜಿಗೆ ಮಾತ್ರ ಗೊತ್ತು. ಈ ರಜೆಯಲ್ಲೇ ಕೇಳಿ, ಬರೆದಿಟ್ಟುಕೊಳ್ಳಿ.